ಎತ್ತರದ ದೀಪ, ತಗ್ಗಿನ ಚಿಪ್ಪು

ಅಮೆರಿಕದ ಸ್ಯಾನ್ ಡಿಯಾಗೊ ನಗರದ ಅಂಚಿನಲ್ಲಿ ಪಾಯಿಂಟ್ ಲೋಮಾ ಎಂಬ ಭೂಶಿರವು ಪೆಸಿಫಿಕ್ ಸಾಗರಕ್ಕೆ ಚಾಚಿಕೊಂಡಿದೆ. ಅದರ ತುದಿಯಲ್ಲಿರುವುದೇ ಕ್ಯಾಬ್ರಿಲೊ ರಾಷ್ಟ್ರೀಯ ಸ್ಮಾರಕ. 1542ರ ಸೆಪ್ಟೆಂಬರ್ 28ರಂದು ಸ್ಪೇನಿನ ಪರವಾಗಿ ಬಂದ ನಾವಿಕ ಹುವಾನ್ ರೊಡ್ರಿಗೆಜ್ ಕ್ಯಾಬ್ರಿಲೊ ಇಲ್ಲಿನ ಕೊಲ್ಲಿಯಲ್ಲಿ ಇಳಿದನು. ಆತ ಈ ನಾಡನ್ನು ‘ಕಂಡುಹಿಡಿದನು’ ಎಂದು ಬರೆಯುವುದು ಸರಿಯಲ್ಲ. ಕುಮಿಯಾಯ್ ಜನರು ಅಷ್ಟರಲ್ಲಾಗಲೇ ಅಲ್ಲಿ ವಾಸವಾಗಿದ್ದರು.

ಗುಡ್ಡದ ಮೇಲೆ, ಸಮುದ್ರಮಟ್ಟದಿಂದ 422 ಅಡಿ ಎತ್ತರದಲ್ಲಿ ಒಂದು ಹಳೆಯ ದೀಪಸ್ತಂಭವಿದೆ. 1855ರಲ್ಲಿ ಅದರ ದೀಪ ಬೆಳಗಿತು. ಎತ್ತರವಿದ್ದಷ್ಟೂ ಬೆಳಕು ದೂರ ಹೋಗುತ್ತದೆ ಎಂಬ ಲೆಕ್ಕವೇನೋ ಸರಿಯಾಗಿತ್ತು. ಆದರೆ ಆ ತೀರದಲ್ಲಿ ಮಂಜು ಮತ್ತು ತಗ್ಗಿನ ಮೋಡ ಹೆಚ್ಚು. ಹಡಗುಗಳಿಗೆ ದೀಪ ಅತ್ಯಗತ್ಯವಾದ ಹೊತ್ತಿನಲ್ಲೇ ಅದು ಮೋಡದೊಳಗೆ ಮರೆಯಾಗುತ್ತಿತ್ತು! 1891ರಲ್ಲಿ ಅದನ್ನು ಆರಿಸಿ, ಕೆಳಗೆ ನೀರಿನ ಹತ್ತಿರ ಹೊಸ ದೀಪಸ್ತಂಭ ಕಟ್ಟಿದರು.

ಗುಡ್ಡ ಇಳಿದು ಬಂಡೆಗಳ ಬಳಿ ಬಂದರೆ ಅಲ್ಲಿಯೂ ಎತ್ತರದ್ದೇ ಲೆಕ್ಕ, ಆದರೆ ಇಲ್ಲಿ ಅಡಿ ಅಂಗುಲಗಳಲ್ಲಿ. ಕಡಲು ಇಳಿದಾಗ ಬಂಡೆಯ ಗುಣಿಗಳಲ್ಲಿ ನೀರು ಉಳಿದು ಪುಟ್ಟ ಕೊಳಗಳಾಗುತ್ತವೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ, ಅಂದರೆ ಹಿಜರಿ ತಿಂಗಳ ಮೊದಲ ದಿನಗಳಲ್ಲಿ ಮತ್ತು ನಡುವಿನಲ್ಲಿ, ಸೂರ್ಯ ಚಂದ್ರರ ಸೆಳೆತ ಕೂಡಿಕೊಂಡು ಇಳಿತ ಹೆಚ್ಚುತ್ತದೆ. ಆಗ ಬಂಡೆಯ ಮೇಲಿನ ಜೀವಿಗಳ ಪಟ್ಟಿಗಳು ಕಣ್ಣಿಗೆ ಬೀಳುತ್ತವೆ. ಮೇಲೆ ಬಾರ್ನಕಲ್‌ಗಳು, ನಡುವೆ ನಮ್ಮ ಪಚ್ಚಿಲೆಯ ಬಳಗದ ಮಸ್ಸೆಲ್‌ಗಳು, ಕೆಳಗೆ ಕಡಲ ಹುಲ್ಲು, ಆಕ್ಟೋಪಸ್. ಸಾಮಾನ್ಯವಾಗಿ ಒಂದು ಜೀವಿ ಎಷ್ಟು ಮೇಲೆ ಬದುಕಬಲ್ಲದು ಎಂಬುದನ್ನು ಬಿಸಿಲು ಮತ್ತು ಒಣಗುವಿಕೆ ನಿರ್ಧರಿಸುತ್ತವೆ. ಎಷ್ಟು ಕೆಳಗೆ ಎಂಬುದನ್ನು ಶತ್ರುಗಳು ಮತ್ತು ಪೈಪೋಟಿ ನಿರ್ಧರಿಸುತ್ತವೆ. ಪರೀಕ್ಷೆಗೆ ಇದೊಂದು ಮಾತು ನೆನಪಿದ್ದರೆ ಉಳಿದುದನ್ನು ನೀವೇ ಬರೆಯಬಹುದು. ಕಡಲ ಅನಿಮೋನ್ ಇಳಿತದ ವೇಳೆ ಮುದುಡಿಕೊಂಡು, ಮೈಗೆ ಚಿಪ್ಪಿನ ಚೂರುಗಳನ್ನು ಅಂಟಿಸಿಕೊಂಡು ತೇವವನ್ನು ಕಾಯ್ದುಕೊಳ್ಳುತ್ತದೆ.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸಿದ್ದು ಗೂಬೆ ಲಿಂಪೆಟ್, ಶಾಸ್ತ್ರೀಯ ಹೆಸರು ಲೊಟ್ಟಿಯಾ ಜೈಗಾಂಟಿಯಾ. ಟೋಪಿಯಂತಹ ಚಿಪ್ಪಿನ ಈ ಮೃದ್ವಂಗಿ ಬಂಡೆಯ ಮೇಲೆ ತನ್ನದೇ ಪಾಚಿಯ ತೋಟ ಇಟ್ಟುಕೊಂಡು, ಒಳನುಗ್ಗಿದವರನ್ನು ಚಿಪ್ಪಿನಿಂದ ತಳ್ಳಿ ಓಡಿಸುತ್ತದೆ. ಅದು ಮೊದಲು ಗಂಡಾಗಿ ಬೆಳೆದು, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಹಾಗಾಗಿ ಜನರು ದೊಡ್ಡ ದೊಡ್ಡ ಲಿಂಪೆಟ್‌ಗಳನ್ನೇ ಆರಿಸಿ ಕಿತ್ತರೆ ಉಳಿಯುವುದು ಬಹುಪಾಲು ಗಂಡುಗಳು. ಮೊಟ್ಟೆಯಿಡಲು ಹೆಣ್ಣುಗಳೇ ಕಡಿಮೆ. ಸಂಖ್ಯೆ ಎಣಿಸುವವರಿಗೆ ಈ ನಷ್ಟ ಕೂಡಲೇ ಗೊತ್ತಾಗುವುದಿಲ್ಲ, ಚಿಪ್ಪು ಅಳೆಯುವವರಿಗೆ ಗೊತ್ತಾಗುತ್ತದೆ.

ಸ್ಮಾರಕದ ಈ ತೀರದಿಂದ ಜೀವಿಗಳನ್ನಷ್ಟೇ ಅಲ್ಲ, ಖಾಲಿ ಚಿಪ್ಪನ್ನೂ ಒಯ್ಯುವಂತಿಲ್ಲ. ಮೆತ್ತಗಿನ ಹೊಟ್ಟೆಯ ಸನ್ಯಾಸಿ ಏಡಿಗೆ ಬೆಳೆದಂತೆಲ್ಲ ಇನ್ನೂ ದೊಡ್ಡ ಖಾಲಿ ಚಿಪ್ಪು ಬೇಕಾಗುತ್ತದೆ.