ಶುಶ್ರೂಷೆಯನ್ನು ಅಳೆಯುವ ನಾಲ್ಕು ಪ್ರಶ್ನೆಗಳು

ದಂಪತಿಗಳೇ,

ನಾರಾಯಣಪುರದ ಬಸವಸಾಗರದಲ್ಲಿ ನೀರೆಷ್ಟಿದೆ ಎಂಬುದನ್ನು ಯಾರೂ ಊಹಿಸಿ ಹೇಳುವುದಿಲ್ಲ, ಅಳೆದು ಹೇಳುತ್ತಾರೆ. ಆರೋಗ್ಯ ಕೇಂದ್ರದಲ್ಲಿ ನಿಮಗೆ ದೊರೆಯುವ ಶುಶ್ರೂಷೆಗೂ ಅಳತೆಯುಂಟು. ಅದರ ಅಳತೆಗೋಲು ನಿಮ್ಮ ಕೈಯಲ್ಲಿಯೇ ಇದೆ.

ಹಿಂದೆ ಕುಟುಂಬ ಯೋಜನೆಯ ಯಶಸ್ಸನ್ನು ನಡೆದ ಶಸ್ತ್ರಚಿಕಿತ್ಸೆಗಳ ಸಂಖ್ಯೆಯಿಂದ ಎಣಿಸಲಾಗುತ್ತಿತ್ತು. ಪ್ರತಿಯೊಂದು ವಿಧಾನಕ್ಕೂ ಗುರಿ ನಿಗದಿಪಡಿಸುವ ಪದ್ಧತಿಯನ್ನು ಭಾರತ ಸರ್ಕಾರವು 1996ರಲ್ಲಿ ಕೈಬಿಟ್ಟಿತು. ಎಷ್ಟು ಜನರು ಬಂದರೆಂಬುದಕ್ಕಿಂತ, ಬಂದವರು ತಿಳಿದು ಒಪ್ಪಿದರೇ ಎಂಬುದೇ ಮುಖ್ಯ. ಆದುದರಿಂದ ಈ ಕೆಳಗಿನ ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಿರಿ:

1. ಬೇರೆ ವಿಧಾನಗಳೂ ಇವೆಯೆಂದು ನಮಗೆ ತಿಳಿಸಿದರೇ?
2. ಆರಿಸಿಕೊಂಡ ವಿಧಾನದಿಂದ ಉಂಟಾಗಬಹುದಾದ ತೊಂದರೆಗಳನ್ನು ವಿವರಿಸಿದರೇ?
3. ತೊಂದರೆಯಾದಲ್ಲಿ ಏನು ಮಾಡಬೇಕೆಂದು ಹೇಳಿದರೇ?
4. ತಾತ್ಕಾಲಿಕ ವಿಧಾನವಾದಲ್ಲಿ, ಹಿಡಿಸದಿದ್ದರೆ ಬದಲಾಯಿಸಬಹುದೆಂದು ತಿಳಿಸಿದರೇ?

ಉತ್ತರ 'ಹೌದು' ಎಂದಾದಷ್ಟೂ ಶುಶ್ರೂಷೆ ಉತ್ತಮ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಇಂತಹ ಪ್ರಶ್ನೆಗಳನ್ನು ಕೇಳುತ್ತದೆ. ಆಗ ಒಂದು ವಿಧಾನವನ್ನು ಬಳಸುತ್ತಿದ್ದ ಸ್ತ್ರೀಯರಲ್ಲಿ ಅದರ ತೊಂದರೆಗಳ ವಿವರಣೆ ಪಡೆದವರು ದೇಶದಲ್ಲಿ 2015-16ರಲ್ಲಿ ನೂರಕ್ಕೆ ಸುಮಾರು 47 ಮಂದಿ. 2019-21ರಲ್ಲಿ 62 ಮಂದಿ. ಸುಧಾರಣೆಯಾಗಿದೆ, ಆದರೂ ನೂರರಲ್ಲಿ 38 ಮಂದಿಗೆ ಆ ಮಾತನ್ನು ಯಾರೂ ಹೇಳಿರಲಿಲ್ಲ.

ತಿಳಿಸದಿದ್ದರೆ ಆಗುವ ಹಾನಿಯೇನು? 'ಅಂತರಾ' ಚುಚ್ಚುಮದ್ದನ್ನು ಮೂರು ತಿಂಗಳಿಗೊಮ್ಮೆ ಪಡೆಯಬೇಕು. ಅದರಿಂದ ಮುಟ್ಟು ಏರುಪೇರಾಗಬಹುದು, ನಿಂತೂ ಹೋಗಬಹುದು. ಮೊದಲೇ ಅರಿತವಳು ಧೈರ್ಯದಿಂದಿರುತ್ತಾಳೆ. ಅರಿಯದವಳು ಗಾಬರಿಗೊಂಡು ಮುಂದಿನ ಸೂಜಿಗೆ ಬರುವುದಿಲ್ಲ, ಬಯಸದೆ ಗರ್ಭಿಣಿಯಾಗುತ್ತಾಳೆ. ಗುಳೆ ಹೋಗುವ ಕುಟುಂಬಗಳು ಮುಂದಿನ ಸೂಜಿಯನ್ನು ಎಲ್ಲಿ, ಎಂದು ಪಡೆಯಬೇಕೆಂಬುದನ್ನು ಹೊರಡುವ ಮುನ್ನವೇ ಕೇಳಿಕೊಳ್ಳತಕ್ಕದ್ದು. ಕಾರ್ಡನ್ನು ಜೊತೆಯಲ್ಲಿ ಒಯ್ಯತಕ್ಕದ್ದು.

ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯು ಶಾಶ್ವತ ವಿಧಾನ. ಆದುದರಿಂದ ಒಪ್ಪಿಗೆ ಪತ್ರವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಓದಿಸಿ ಕೇಳಿರಿ. ಅನಂತರವೇ ರುಜು ಅಥವಾ ಹೆಬ್ಬೆಟ್ಟು ಹಾಕಿರಿ. ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಒಳಗಾಗುವವರದೇ ಆಗಿರಬೇಕು. ಪತಿಯಾಗಲಿ ಅತ್ತೆಯಾಗಲಿ ಆಕೆಯ ಪರವಾಗಿ ಒಪ್ಪಲಾಗದು. ಮೇಜಿನ ಬಳಿ ಬಂದ ಮೇಲೂ ಬೇಡವೆನ್ನುವ ಹಕ್ಕು ಆಕೆಗಿದೆ. ಹಾಗೆಂದ ಮಾತ್ರಕ್ಕೆ ಬೇರೆ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ. ಪುರುಷರ ಶಸ್ತ್ರಚಿಕಿತ್ಸೆಯು ಸ್ತ್ರೀಯರದಕ್ಕಿಂತ ಸರಳವಾದುದೆಂಬುದನ್ನೂ ಪತಿಯಾದವನು ಅರಿತಿರಬೇಕು.

ಉತ್ತರಗಳಲ್ಲಿ 'ಇಲ್ಲ' ಎಂಬುದಿದ್ದರೆ ಸುಮ್ಮನಿರಬೇಡಿರಿ. ಆಶಾ ಕಾರ್ಯಕರ್ತೆಯನ್ನಾಗಲಿ ವೈದ್ಯಾಧಿಕಾರಿಯನ್ನಾಗಲಿ ಮತ್ತೊಮ್ಮೆ ಕೇಳಿರಿ. ಆರೋಗ್ಯ ರಕ್ಷಾ ಸಮಿತಿಯ ಗಮನಕ್ಕೆ ತನ್ನಿರಿ. 104 ಸಹಾಯವಾಣಿಗೂ ಕರೆ ಮಾಡಬಹುದು. ಪ್ರಶ್ನೆ ಕೇಳುವುದು ಉದ್ಧಟತನವಲ್ಲ. ಉತ್ತರ ಹೇಳುವುದೂ ಚಿಕಿತ್ಸೆಯ ಒಂದು ಭಾಗವೇ ಆಗಿದೆ.