ಸಕ್ಕರೆ ಕಾಯಿಲೆ, ಮೂತ್ರಪಿಂಡ ಮತ್ತು ಮನೆತನ

ಸಕ್ಕರೆ ಕಾಯಿಲೆ ಬಂದು ಇಪ್ಪತ್ತು ವರ್ಷವಾದರೂ ಕೆಲವರ ಮೂತ್ರಪಿಂಡಗಳು ಗಟ್ಟಿಯಾಗಿರುತ್ತವೆ. ಇನ್ನು ಕೆಲವರಿಗೆ ಹತ್ತು-ಹದಿನೈದು ವರ್ಷಗಳಲ್ಲೇ ಕಾಲು ಬಾವು ಬಂದು ಡಯಾಲಿಸಿಸ್ ಹಂತ ತಲುಪುತ್ತದೆ. ಹೀಗೇಕೆ? ಸಕ್ಕರೆ ಮತ್ತು ರಕ್ತದೊತ್ತಡದ ಹತೋಟಿ ಇದಕ್ಕೆ ಮುಖ್ಯ ಕಾರಣ. ಅದರ ಜೊತೆಗೆ ಅನುವಂಶೀಯತೆಯ ಪಾತ್ರವೂ ಇದೆ.

ಪ್ರತಿ ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳಿವೆ. ರಕ್ತದಲ್ಲಿ ಸಕ್ಕರೆ ಬಹುಕಾಲ ಹೆಚ್ಚಿದ್ದರೆ ಈ ಜರಡಿಗಳು ಹಾಳಾಗಿ, ಆಲ್ಬುಮಿನ್ ಎಂಬ ಪ್ರೋಟೀನು ಮೂತ್ರದಲ್ಲಿ ಸೋರತೊಡಗುತ್ತದೆ. ಆಗ ನೋವಿರುವುದಿಲ್ಲ, ಉರಿಯೂ ಇರುವುದಿಲ್ಲ.

ಅಧ್ಯಯನಗಳು ಏನು ಹೇಳುತ್ತವೆ?

1989ರಲ್ಲಿ ಅಮೆರಿಕದಲ್ಲಿ ಮಧುಮೇಹವಿದ್ದ ಒಡಹುಟ್ಟಿದವರನ್ನು ಪರೀಕ್ಷಿಸಲಾಯಿತು. ಒಬ್ಬರಿಗೆ ಮೂತ್ರಪಿಂಡದ ತೊಂದರೆಯಿದ್ದ ಮನೆಗಳಲ್ಲಿ ಶೇ. 83ರಷ್ಟು ಒಡಹುಟ್ಟಿದವರಲ್ಲೂ ಅದು ಕಂಡಿತು. ತೊಂದರೆಯಿಲ್ಲದವರ ಮನೆಗಳಲ್ಲಿ ಇದು ಶೇ. 17 ಮಾತ್ರ. 1999ರಲ್ಲಿ ಚೆನ್ನೈನ ವೈದ್ಯರು ದಕ್ಷಿಣ ಭಾರತದ ಕುಟುಂಬಗಳಲ್ಲಿಯೂ ಇಂಥದೇ ಒಲವನ್ನು ಕಂಡರು.

ಇದಕ್ಕೆ ಯಾವುದೋ ಒಂದೇ ವಂಶವಾಹಿ ಕಾರಣವಲ್ಲ. ಅನೇಕ ವಂಶವಾಹಿಗಳು ಸ್ವಲ್ಪ ಸ್ವಲ್ಪ ಪ್ರಭಾವ ಬೀರುತ್ತವೆ. ಕೆಲವು ರಕ್ಷಣೆಯನ್ನೂ ಕೊಡುತ್ತವೆ. ಅಲ್ಲದೆ ಒಂದೇ ಮನೆಯವರ ಊಟ, ಚಟ, ಔಷಧದ ಅಲಕ್ಷ್ಯ ಇವೂ ಒಂದೇ ತೆರನಾಗಿರುತ್ತವೆ. ಆದ್ದರಿಂದ "ನಮ್ಮ ಮನಿತನದಾಗ ಐತ್ರಿ, ಏನ್ ಮಾಡಿದ್ರೂ ಅಷ್ಟ" ಎಂದು ಕೈಚೆಲ್ಲುವುದು ಸರಿಯಲ್ಲ. ಮನೆತನದ ಇತಿಹಾಸ ಮುನ್ನೆಚ್ಚರಿಕೆಯೇ ಹೊರತು ಹಣೆಬರಹವಲ್ಲ.

ಮಾಡಬೇಕಾದದ್ದು

* ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲಿಯೇ ಇರಲಿ, ಮನೆಯಲ್ಲಿ ಒಬ್ಬರಿಗೆ ಸಕ್ಕರೆಯಿಂದ ಮೂತ್ರಪಿಂಡ ಕೆಟ್ಟಿದ್ದರೆ ಅಣ್ಣ-ತಮ್ಮ, ಅಕ್ಕ-ತಂಗಿ, ಮಕ್ಕಳು ರಕ್ತದ ಸಕ್ಕರೆ ಹಾಗೂ ರಕ್ತದೊತ್ತಡ ಪರೀಕ್ಷಿಸಿಕೊಳ್ಳಬೇಕು.

* ಸಕ್ಕರೆ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಬೇಕು. ಮೂತ್ರದ ಸಾಮಾನ್ಯ ಪರೀಕ್ಷೆಯಲ್ಲಿ ಆರಂಭದ ಸೋರಿಕೆ ತಪ್ಪಿಹೋಗಬಹುದು. ಆಲ್ಬುಮಿನ್ ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂಗಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಗಾಬರಿಯಾಗದೆ ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಿ.

* ರಕ್ತದೊತ್ತಡ 130/80ಕ್ಕಿಂತ ಕೆಳಗಿರಲಿ. ಆಲ್ಬುಮಿನ್ ಸೋರಿಕೆ ತಗ್ಗಿಸುವ, ಮೂತ್ರಪಿಂಡವನ್ನು ಕಾಯುವ ಗುಳಿಗೆಗಳು ಈಗ ಇವೆ. ವೈದ್ಯರು ಹೇಳದೆ ನಿಲ್ಲಿಸಬೇಡಿ.

* ಬೀಡಿ, ತಂಬಾಕು ಬಿಡಿ. ನಿಪ್ಪಾಣಿ ಭಾಗದಲ್ಲಿ ತಂಬಾಕು ಹೊಟ್ಟೆಪಾಡಿನ ಬೆಳೆಯಾಗಿರಬಹುದು. ಮಧುಮೇಹಿಯ ಮೂತ್ರಪಿಂಡಕ್ಕೆ ಅದು ವೈರಿ.

* ಕಬ್ಬು ಕಡಿದು ಮೈಕೈ ನೋವೆಂದು ಅಂಗಡಿಯಿಂದ ತಾವೇ ನೋವಿನ ಗುಳಿಗೆ ತಂದು ನುಂಗಬೇಡಿ.

ಮನೆಯವರೇ ಕಿಡ್ನಿ ದಾನಕ್ಕೆ ಮುಂದಾದಾಗ ಅವರಿಗೂ ಸಕ್ಕರೆ ಇರುವುದು ಮೊದಲ ಬಾರಿ ಗೊತ್ತಾಗುವುದುಂಟು. ಅಲ್ಲಿಯವರೆಗೆ ಕಾಯಬಾರದು. ತಂದೆ-ತಾಯಿಯಿಂದ ಬಂದ ವಂಶವಾಹಿಯನ್ನು ಬದಲಿಸಲಾಗದು. ಸಕ್ಕರೆ, ರಕ್ತದೊತ್ತಡಗಳನ್ನು ಹತೋಟಿಯಲ್ಲಿಡುವುದು ಮಾತ್ರ ನಮ್ಮ ಕೈಯಲ್ಲೇ ಇದೆ.