ಸೊಂಟನೋವು: ಕಾರ್ಯಶಕ್ತಿಯನ್ನು ಅಳೆಯುವ ಪರೀಕ್ಷೆಗಳು

ಸೊಂಟನೋವಿನ ರೋಗಿ ಎರಡನೆಯ ಬಾರಿ ಚಿಕಿತ್ಸಾಲಯಕ್ಕೆ ಬಂದಾಗ ವೈದ್ಯರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ‘ನೋವು ಈಗ ಹೇಗಿದೆ?’ ಎಂಬುದು. ನಾವೂ ಬಹುಕಾಲ ಇದನ್ನೇ ಕೇಳುತ್ತಿದ್ದೆವು. ‘ಕಡಿಮೆ’ ಎಂಬ ಉತ್ತರ ಬಂದರೆ ಸಮಾಧಾನಗೊಂಡು ಅದೇ ತೈಲ, ಅದೇ ಕಷಾಯವನ್ನು ಮುಂದುವರಿಸುತ್ತಿದ್ದೆವು. ಈ ಪ್ರಶ್ನೆ ಎಷ್ಟು ಅಪೂರ್ಣವಾದುದೆಂಬುದನ್ನು ನಮಗೆ ಕಲಿಸಿದವರು ಬೋಳಾರದ ಬೀಡಿ ಕಟ್ಟುವ ಒಬ್ಬ ತಾಯಿ.

ಅವರಿಗೆ ಕಟಿಬಸ್ತಿಯನ್ನೂ ಅಭ್ಯಂಗವನ್ನೂ ಮಾಡಿಸಿ ಒಂದು ತಿಂಗಳಾಗಿತ್ತು. ಕೇಳಿದಾಗ, “ಈಗ ಅಷ್ಟು ಇಲ್ಲ ಡಾಕ್ಟ್ರೇ, ಕಡಿಮೆ ಉಂಟು” ಎಂದರು. ನಾವು ಸಂತೋಷಪಟ್ಟೆವು. ಹೊರಡುವಾಗ ಅವರು ಕುರ್ಚಿಯಿಂದ ಏಳಲು ನಮ್ಮ ಮೇಜಿನ ಅಂಚನ್ನು ಎರಡೂ ಕೈಗಳಿಂದ ಹಿಡಿದುದನ್ನು ಕಂಡು, ಮನೆಯಲ್ಲಿ ಏನೇನು ಕೆಲಸ ಮಾಡುತ್ತೀರಿ ಎಂದು ವಿಚಾರಿಸಿದೆವು. “ಎಂತದೂ ಇಲ್ಲ. ನೀರು ಸೇದುವುದು ಸೊಸೆ, ಬೀಡಿ ಬ್ರಾಂಚಿಗೆ ಹೋಗುವುದೂ ಅವಳೇ. ನಾನು ಮಲಗಿಯೇ ಇರುವುದು” ಎಂದರು. ನೋವು ಕಡಿಮೆಯಾದುದು ನಮ್ಮ ಔಷಧದಿಂದಲ್ಲ. ನೋವು ಬರಿಸುವ ಕೆಲಸಗಳನ್ನೆಲ್ಲ ಅವರು ಬಿಟ್ಟುಬಿಟ್ಟುದರಿಂದ. ಒಂದು ತಿಂಗಳಲ್ಲಿ ಅವರ ತೊಡೆಯ ಹಾಗೂ ಬೆನ್ನಿನ ಬಲ ಕುಂದಿತ್ತು. ನಾವು ಅದನ್ನು ಗುಣವೆಂದು ಬರೆದುಕೊಂಡಿದ್ದೆವು.

ಈ ತಪ್ಪಿಗೆ ಪರಿಹಾರವು ನಮ್ಮ ಶಾಸ್ತ್ರದಲ್ಲಿಯೇ ಇತ್ತೆಂಬುದು ಇನ್ನಷ್ಟು ನಾಚಿಕೆಯ ಸಂಗತಿ. ಚರಕ ಸಂಹಿತೆಯ ವಿಮಾನಸ್ಥಾನದ 8ನೆಯ ಅಧ್ಯಾಯದಲ್ಲಿ ರೋಗಿಯನ್ನು ಹತ್ತು ವಿಧವಾಗಿ ಪರೀಕ್ಷಿಸಬೇಕೆಂದು ವಿಧಿಸಲಾಗಿದೆ. ಅವುಗಳಲ್ಲಿ ವ್ಯಾಯಾಮಶಕ್ತಿಯೂ ಒಂದು. ಅದನ್ನು ಅರಿಯುವುದು ಕರ್ಮಶಕ್ತಿಯಿಂದ, ಅಂದರೆ ರೋಗಿಯು ಮಾಡಬಲ್ಲ ಕೆಲಸದಿಂದ. ಆ ಮೂಲಕ ಬಲವು ಪ್ರವರವೋ ಮಧ್ಯಮವೋ ಅವರವೋ ಎಂದು ಊಹಿಸಬೇಕು ಎಂಬುದು ಅಲ್ಲಿನ ಅಭಿಪ್ರಾಯ. ಕಾಲೇಜಿನಲ್ಲಿ ಇದನ್ನು ಕಂಠಪಾಠ ಮಾಡಿದ ನಾವು ಚಿಕಿತ್ಸಾಲಯದಲ್ಲಿ ಗಡಿಯಾರ ಹಿಡಿದು ನೋಡಿರಲಿಲ್ಲ.

ಗಡಿಯಾರ ಹಿಡಿದು ನೋಡುವ ಕ್ರಮವನ್ನು ಆಧುನಿಕ ವೈದ್ಯರು ಚೆನ್ನಾಗಿ ಬೆಳೆಸಿದ್ದಾರೆ. 1998ರಲ್ಲಿ ಮೌರೀನ್ ಸಿಮ್ಮಂಡ್ಸ್ ಮತ್ತು ಸಂಗಡಿಗರು ಸೊಂಟನೋವಿನವರಿಗಾಗಿ ಇಂತಹ ಪರೀಕ್ಷೆಗಳ ಒಂದು ಗುಚ್ಛವನ್ನೇ ಪರಿಶೀಲಿಸಿ ಪ್ರಕಟಿಸಿದರು: ಕುರ್ಚಿಯಿಂದ ಐದು ಬಾರಿ ಏಳುವುದು, ಐದು ಬಾರಿ ಮುಂದಕ್ಕೆ ಬಾಗಿ ನೆಟ್ಟಗಾಗುವುದು, ಸುಮಾರು 15 ಮೀಟರ್ ವೇಗವಾಗಿ ನಡೆಯುವುದು, ಸಣ್ಣ ಭಾರವನ್ನು ಹಿಡಿದು ಕೈಯನ್ನು ಮುಂದಕ್ಕೆ ಚಾಚುವುದು ಮುಂತಾದುವು. ಯಂತ್ರೋಪಕರಣಗಳು ಬೇಕಿಲ್ಲ, ಕುರ್ಚಿ, ಟೇಪು, ಮೊಬೈಲಿನ ಸ್ಟಾಪ್‌ವಾಚ್ ಇದ್ದರೆ ಸಾಕು.

ಇವುಗಳಲ್ಲಿ ನಾವು ಹೆಚ್ಚಾಗಿ ನೆಚ್ಚಿಕೊಂಡಿರುವುದು ಕುರ್ಚಿಯ ಪರೀಕ್ಷೆಯನ್ನು. ಕೈಗಳಿಲ್ಲದ, ಸುಮಾರು 45 ಸೆಂಟಿಮೀಟರ್ ಎತ್ತರದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಬೇಕು. ತೋಳುಗಳನ್ನು ಎದೆಯ ಮೇಲೆ ಅಡ್ಡಲಾಗಿ ಕಟ್ಟಿಕೊಂಡು, ಸುರಕ್ಷಿತವೆನಿಸುವಷ್ಟು ಬೇಗನೆ ಐದು ಬಾರಿ ಪೂರ್ತಿ ಎದ್ದು ಕುಳಿತುಕೊಳ್ಳಬೇಕು. ಒಮ್ಮೆ ರೂಢಿಗಾಗಿ ಮಾಡಿಸಿ, ಸ್ವಲ್ಪ ವಿಶ್ರಾಂತಿಯ ಬಳಿಕ ಮಾಡಿದುದನ್ನು ಎಣಿಸಬೇಕು. ಹಿರಿಯರ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟವಾದ ಲೆಕ್ಕದಂತೆ 60ರಿಂದ 69 ವಯಸ್ಸಿನವರು 11.4 ಸೆಕೆಂಡಿಗಿಂತಲೂ, 70ರಿಂದ 79ರವರು 12.6 ಸೆಕೆಂಡಿಗಿಂತಲೂ ಹೆಚ್ಚು ಕಾಲ ತೆಗೆದುಕೊಂಡರೆ ಅವರ ಶಕ್ತಿಯು ಸಮವಯಸ್ಕರಿಗಿಂತ ಕಡಿಮೆಯೆಂದು ತಿಳಿಯಬೇಕು. ಆದರೆ ಈ ಅಂಕಿಗಳಿಗಿಂತ ನಿಮ್ಮದೇ ಹಿಂದಿನ ಅಂಕಿಯೇ ಮುಖ್ಯ. ಒಂದೆರಡು ಸೆಕೆಂಡುಗಳ ವ್ಯತ್ಯಾಸಕ್ಕೆ ಹಿಗ್ಗಲೂಬಾರದು, ಕುಗ್ಗಲೂಬಾರದು.

ಬಾಗುವಿಕೆಯನ್ನು ಅಳೆಯುವಾಗ ಮೊಣಕಾಲು ಮಡಿಸದೆ ಬಾಗಿ, ಬೆರಳ ತುದಿಗೂ ನೆಲಕ್ಕೂ ಇರುವ ಅಂತರವನ್ನು ಸೆಂಟಿಮೀಟರಿನಲ್ಲಿ ಬರೆದುಕೊಳ್ಳುತ್ತೇವೆ. ಇದರಲ್ಲೊಂದು ಮೋಸವಿದೆ. ಟೊಂಕದ ಕೀಲು ಚೆನ್ನಾಗಿ ಬಾಗುವವರು ಬೆನ್ನನ್ನು ಹಲಗೆಯಂತೆ ಬಿಗಿಹಿಡಿದೂ ನೆಲವನ್ನು ಮುಟ್ಟಬಲ್ಲರು. ಬೆನ್ನಿನದನ್ನೇ ಅಳೆಯಲು ಷೋಬರ್ ಪರೀಕ್ಷೆಯಿದೆ. 1937ರ ಆ ವಿಧಾನವನ್ನು 1969ರಲ್ಲಿ ತಿದ್ದಲಾಯಿತು. ನಿಂತಾಗ ಸೊಂಟದ ಕೆಳಗಿನ ಎರಡು ಗುಳಿಗಳ ಮಟ್ಟದಿಂದ 10 ಸೆಂಟಿಮೀಟರ್ ಮೇಲೆ, 5 ಸೆಂಟಿಮೀಟರ್ ಕೆಳಗೆ ಗುರುತು ಹಾಕುತ್ತಾರೆ. ಬಾಗಿದಾಗ ಆ 15 ಸೆಂಟಿಮೀಟರ್ 20ರ ವರೆಗಾದರೂ ಹಿಗ್ಗಬೇಕು. ಇದನ್ನು ವೈದ್ಯರಿಂದಲೇ ಮಾಡಿಸಿಕೊಳ್ಳುವುದು ಒಳ್ಳೆಯದು. ಹೊಟ್ಟೆಯ ಮೇಲೆ ಮಲಗಿಸಿ ಸೊಂಟದ ಮೇಲಿನ ಭಾಗವನ್ನು ಮಂಚದಾಚೆ ಆಧಾರವಿಲ್ಲದೆ ನೇರವಾಗಿ ಹಿಡಿಯಲು ಹೇಳುವ ಸೊರೆನ್ಸೆನ್ ಪರೀಕ್ಷೆಯನ್ನಂತೂ ಮನೆಯಲ್ಲಿ ಮಾಡಲೇಬಾರದು.

ಕಾಲನ್ನು ನೇರವಾಗಿ ಎತ್ತಿ ನೋಡುವ ಪರೀಕ್ಷೆಯು ಬೇರೆ ಜಾತಿಯದು. ಅದು ಕೆಲಸದ ಶಕ್ತಿಯನ್ನಲ್ಲ, ನರಮೂಲದ ಒತ್ತಡವನ್ನು ಸೂಚಿಸುತ್ತದೆ. ಫ್ರಾನ್ಸಿನ ಲಾಸೆಗ್ ಅವರ ಹೆಸರಿನಲ್ಲಿ 1881ರಲ್ಲಿ ಅವರ ಶಿಷ್ಯ ಇದನ್ನು ಪ್ರಕಟಿಸಿದನು. ಗೃಧ್ರಸಿಯು ಕಾಲೆತ್ತುವುದನ್ನು ತಡೆಯುತ್ತದೆಂದು ಸುಶ್ರುತರು ನಿದಾನಸ್ಥಾನದಲ್ಲಿ ಹೇಳಿರುವುದನ್ನು ಇಲ್ಲಿ ನೆನೆಯಬಹುದು.

ಹಲವರು ಎಂಆರ್‌ಐ ಚಿತ್ರವನ್ನು ಮುಂದಿಟ್ಟು, “ಡಿಸ್ಕ್ ಜಾರಿದೆ, ಇನ್ನು ನಮ್ಮಿಂದ ಏನೂ ಆಗದು” ಎನ್ನುತ್ತಾರೆ. 1994ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಸೊಂಟನೋವಿಲ್ಲದ 98 ಮಂದಿಯ ಚಿತ್ರ ತೆಗೆದಾಗ ಎಲ್ಲ ಡಿಸ್ಕ್‌ಗಳೂ ಸಹಜವಾಗಿದ್ದುದು ಶೇಕಡ 36 ಮಂದಿಯಲ್ಲಿ ಮಾತ್ರ. ಚಿತ್ರವು ರಚನೆಯನ್ನು ತೋರಿಸುತ್ತದೆ. ಆ ಮನುಷ್ಯನು ಕೊಡ ಎತ್ತಬಲ್ಲನೇ ಎಂಬುದನ್ನು ಅದು ಹೇಳಲಾರದು.

ನಮ್ಮ ಭಕ್ತಾದಿಗಳಿಗೆ ಒಂದು ಪರೀಕ್ಷೆಯು ನಿತ್ಯವೂ ನಡೆಯುತ್ತಿರುತ್ತದೆ. ಇಷ್ಟಲಿಂಗ ಪೂಜೆಗೆ ನೆಲದ ಮೇಲೆ ಕುಳಿತುಕೊಳ್ಳುವುದು, ಏಳುವುದು. ಶ್ರೀಮಠದ ದಾಸೋಹದಲ್ಲಿ ಪಂಕ್ತಿಯಿಂದ ಏಳುವವರನ್ನು ನಾವು ವೈದ್ಯನ ಕಣ್ಣಿನಿಂದ ನೋಡುವುದುಂಟು (ಪ್ರಸಾದದ ವೇಳೆ ಇದು ತಪ್ಪೇ ಇರಬಹುದು): ಒಬ್ಬರು ಒಂದು ಕೈಯನ್ನು ಮೊಣಕಾಲಿಗೆ ಊರುತ್ತಾರೆ, ಇನ್ನೊಬ್ಬರು ಪಕ್ಕದವರ ಭುಜ ಹಿಡಿಯುತ್ತಾರೆ, ಮತ್ತೊಬ್ಬರು ಮೊದಲು ಪಕ್ಕಕ್ಕೆ ಹೊರಳುತ್ತಾರೆ. ಎಷ್ಟು ನಿಮಿಷ ಕುಳಿತಿರಿ, ಏಳಲು ಎಷ್ಟು ಕಡೆ ಕೈಯೂರಿದಿರಿ ಎಂದು ಬರೆದಿಟ್ಟರೆ ಅದೇ ನಿಮ್ಮ ಕರ್ಮಶಕ್ತಿಯ ಲೆಕ್ಕ. ‘ಕುರ್ಚಿಯಲ್ಲಿ ಕುಳಿತು ಪೂಜೆ ಮಾಡಬಹುದೇ?’ ಎಂದು ಹಲವರು ಕೇಳುತ್ತಾರೆ. ಆಚಾರದ ಮಾತನ್ನು ಪೂಜ್ಯರಿಗೆ ಬಿಡುತ್ತೇವೆ. ಶರೀರದ ದೃಷ್ಟಿಯಿಂದ, ನೋವು ತೀವ್ರವಾಗಿರುವಾಗ ಕುರ್ಚಿಯು ಯುಕ್ತವೇ. ಆದರೆ ನೋವು ತಗ್ಗಿದ ಮೇಲೂ ಕೇವಲ ಭಯದಿಂದ ನೆಲವನ್ನು ಬಿಟ್ಟವರು ಕ್ರಮೇಣ ನೆಲದಿಂದ ಏಳುವ ಶಕ್ತಿಯನ್ನೇ ಕಳೆದುಕೊಳ್ಳುವುದನ್ನು ನಾವು ಕಂಡಿದ್ದೇವೆ. ಎತ್ತರದ ಮಣೆಯಿಂದ ಆರಂಭಿಸಿ, ಗೋಡೆಯ ಆಸರೆಯಲ್ಲಿ, ಎರಡು ಮೂರು ನಿಮಿಷಗಳಿಂದ ಮರಳಿ ಅಭ್ಯಾಸ ಮಾಡಬಹುದು.

ಮೇಲೆ ಹೇಳಿದ ತಾಯಿಗೆ ತದ್ವಿರುದ್ಧವಾದವರೂ ಇದ್ದಾರೆ. ಹಂಚಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಎರಡು ತಿಂಗಳ ಚಿಕಿತ್ಸೆಯ ಬಳಿಕವೂ “ನೋವು ಹಾಗೆಯೇ ಉಂಟು” ಎಂದು ಬೇಸರಿಸಿದರು. ಚೀಟಿಯನ್ನು ತೆಗೆದು ತೋರಿಸಿದೆವು: ಕುರ್ಚಿಯ ಪರೀಕ್ಷೆಯು 21 ಸೆಕೆಂಡಿನಿಂದ 14ಕ್ಕೆ ಇಳಿದಿತ್ತು. ಅವರು ಸ್ವಲ್ಪ ಯೋಚಿಸಿ, ಈಗ ಮಂಗಳಾದೇವಿ ದೇವಸ್ಥಾನದವರೆಗೆ ನಡುವೆ ಕುಳಿತುಕೊಳ್ಳದೆ ನಡೆಯುತ್ತಿರುವುದಾಗಿ ಒಪ್ಪಿಕೊಂಡರು. ನೋವು ಮತ್ತು ಶಕ್ತಿ ಒಂದೇ ದಾರಿಯಲ್ಲಿ ಜೊತೆಯಾಗಿ ನಡೆಯುವುದಿಲ್ಲ. ಎರಡನ್ನೂ ಪ್ರತ್ಯೇಕವಾಗಿ ಬರೆದಿಡಬೇಕು.

ಎಚ್ಚರಿಕೆಯ ಮಾತು. ಮೂತ್ರ ಕಟ್ಟಿಕೊಂಡರೆ ಅಥವಾ ತಡೆಯಿಲ್ಲದೆ ಹೋದರೆ, ಮಲದ ಮೇಲಿನ ಹಿಡಿತ ತಪ್ಪಿದರೆ, ಗುಹ್ಯಭಾಗದ ಸುತ್ತ ಜೋಮು ಹಿಡಿದರೆ, ಪಾದವು ಎಳೆದಂತಾಗಿ ಚಪ್ಪಲಿ ಜಾರುತ್ತಿದ್ದರೆ ಯಾವ ಪರೀಕ್ಷೆಯನ್ನೂ ಮಾಡಿಕೊಳ್ಳದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಆಗ ಎಣ್ಣೆ ತಿಕ್ಕುತ್ತಾ ಕಾಯುವುದು ಅಪಾಯ. ಜ್ವರ, ಕಾರಣವಿಲ್ಲದ ತೂಕದ ಇಳಿಕೆ, ಬಿದ್ದ ಪೆಟ್ಟು, ಹಿಂದೆ ಅರ್ಬುದ ರೋಗವಾಗಿದ್ದುದು, ಇವುಗಳೊಡನೆ ಸೊಂಟನೋವಿದ್ದರೂ ಮೊದಲು ತಪಾಸಣೆಯಾಗಲಿ. ಹೃದ್ರೋಗವಿರುವವರು, ಗರ್ಭಿಣಿಯರು, ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳದೆ ಕುರ್ಚಿಯ ಪರೀಕ್ಷೆಗೂ ತೊಡಗಬಾರದು. ಮಾಡುವಾಗ ನೋವು ಕಾಲಿಗೆ ಇಳಿದರೆ ಅಥವಾ ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಬೇಕು.

ಉಳಿದವರು ನಾಲ್ಕು ವಾರಗಳಿಗೊಮ್ಮೆ, ಅದೇ ಕುರ್ಚಿಯಲ್ಲಿ, ದಿನದ ಅದೇ ವೇಳೆಯಲ್ಲಿ ಅಳೆದುಕೊಳ್ಳಿರಿ. ಎದ್ದೊಡನೆ ಬೆನ್ನು ಬಿಗಿದಿರುವುದರಿಂದ ಬೆಳಗಿನ ಮೊದಲ ಗಂಟೆ ಬೇಡ. ದಿನಾಂಕ, ಸೆಕೆಂಡು, ನೆಲಕ್ಕೆ ಉಳಿದ ಸೆಂಟಿಮೀಟರ್, ಕುಳಿತ ನಿಮಿಷ, ಆ ವಾರ ಬಿಟ್ಟ ಕೆಲಸಗಳು, ಇಷ್ಟನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದರೂ ಸಾಕು. ಯಾವ ಪದ್ಧತಿಯ ವೈದ್ಯರ ಬಳಿಗೆ ಹೋಗುವಾಗಲೂ ಆ ಹಾಳೆಯನ್ನು ಜೊತೆಗೆ ಒಯ್ಯಿರಿ.